ಕುಟ್ಟಾಣಿಯ ಕಬ್ಬಿಣ

ರಾಯದುರ್ಗ
೧೪ ಜೂನ್ ೨೦೧೩

ಗೋವರ್ಧನ್ ಅವರಿಗೆ,

ನಾನು ಕ್ಷೇಮ. ನೀವು ಕ್ಷೇಮವಾಗಿಲ್ಲವೆಂದು ಮೊನ್ನೆ ಕಣ್ಣಾರೆ ಕಂಡೆ. ಅಮ್ಮ ಹೊಲಿದಿಟ್ಟ ಜೀನ್ಸ್ ರಾಶಿಯ ಪಕ್ಕ ಕೂತು, "ಕಂಪ್ಲೇಂಟ್ ವಾಪಸ್ ತಗಾ ಪ್ರಸನ್ನಾ, ನಮ್ಮಪ್ಪ ಊರಾಗೆ ತಲೆ ಎತ್ತಂಗಿಲ್ಲ" ಎಂದು ಅತ್ತಿರಿ. ಬರೆದು ತಿಳಿಸುತ್ತೇನೆ ಅಂದಿದ್ದೆ. ತಿಳಿಸುತ್ತಿದ್ದೇನೆ: ತೆಗೆದುಕೊಳ್ಳುವುದಿಲ್ಲ.

ಬೆಂಗಳೂರಿನ ಪ್ರಯೋಗಾಲಯದಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದೆವು. ಕೆಲವು ವಸ್ತುಗಳನ್ನು ವಿಪರೀತ ತಣ್ಣಗಾಗಿಸಿದರೆ ವಿದ್ಯುತ್ತು ಯಾವ ಅಡ್ಡಿಯೂ ಇಲ್ಲದೆ ಹರಿಯುತ್ತದೆ. ಅದು ಅತಿವಾಹಕತೆ. ಕಾಂತತ್ವ ಸಾಮಾನ್ಯವಾಗಿ ಅದನ್ನು ಕೊಂದುಬಿಡುತ್ತದೆ. ಎರಡೂ ಒಂದೇ ಹರಳಿನಲ್ಲಿ ಬಾಳಬಲ್ಲವೇ? ಪ್ರಶ್ನೆ ನನ್ನದು, ಹರಳು ಬೆಳೆಸಿದವಳೂ ನಾನು.

ಹೊಲಿಗೆ ಮಿಷನ್ನಿನ ಸೂಜಿ ಅಮ್ಮನ ಬೆರಳು ಸೀಳಿದಾಗ ರಾಯದುರ್ಗಕ್ಕೆ ಬಂದೆ. ಅವಳ ಆರ್ಡರ್ ಕೈತಪ್ಪದಿರಲೆಂದು ನಾನೇ ಕೆಲವು ತಿಂಗಳು ಮಿಷನ್ ತುಳಿದೆ. ಹಿಂದಿರುಗುವ ಹೊತ್ತಿಗೆ, ಎರಡೂ ಒಟ್ಟಿಗಿವೆ ಎಂಬ ಪ್ರಬಂಧ ಅಚ್ಚಾಗಿತ್ತು, ನಿಮ್ಮೊಬ್ಬರದೇ ಹೆಸರಿನಲ್ಲಿ. ಕೇಳಿದ್ದಕ್ಕೆ "ಪ್ಯಾಂಟ್ ಹೊಲಿಯಾಕೆ ಹೋದೋಳ ಹೆಸರು ಯಾಕ್ ಹಾಕ್ಲಿ?" ಅಂದಿರಿ.

ಆ ಪ್ರಬಂಧಕ್ಕಾಗಿ ನಿಮ್ಮೂರು ಮಡಕಶಿರಾದಲ್ಲಿ ನಿಮಗೆ ಶಾಲು ಹೊದಿಸಿದ ದಿನ ಮಾವ ದೊಡ್ಡರಂಗಪ್ಪನವರು ನನ್ನನ್ನು ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡು, "ನಮ್ ಸೊಸೆ ಹೊತ್ತೊತ್ತಿಗೆ ಅನ್ನ ಮಾಡಾಕಿದ್ಲು, ಅದ್ಕೇ ಇವ್ನು ಈ ಮಟ್ಟಕ್ಕೆ ಬಂದ" ಎಂದು ಎಲ್ಲರೆದುರು ಹೊಗಳಿದರು. ಪಾಪ, ಅವರಿಗೇನು ಗೊತ್ತು. ನಾನು ನಗುತ್ತ ನಿಂತಿದ್ದೆ. ನಿಮ್ಮನ್ನು ಬಿಡಬಾರದೆಂದು ಆಗಲೇ ನಿರ್ಧರಿಸಿದೆ.

ಅಳತೆಗಾಗಿ ಹರಳು ಪುಡಿ ಮಾಡಲು ಕಲ್ಲಿನ ಕುಟ್ಟಾಣಿಯೇ ಬೇಕೆಂದು ಎಷ್ಟು ಹೇಳಿದ್ದೆ! ಆತುರದಲ್ಲಿ ನೀವು ಕಬ್ಬಿಣದ್ದರಲ್ಲಿ ಕುಟ್ಟಿದಿರಿ. ಉಳಿದಿದ್ದ ಪುಡಿಯನ್ನು ಹೈದರಾಬಾದಿನಲ್ಲಿ ಪರೀಕ್ಷೆ ಮಾಡಿಸಿದೆ. ನೀವು ಕಂಡ ಕಾಂತತ್ವ ಹರಳಿನದಲ್ಲ, ಕುಟ್ಟಾಣಿಯಿಂದ ಸವೆದು ಬೆರೆತ ಕಬ್ಬಿಣದ್ದು. ಆ ವರದಿಯನ್ನು ಕಂಪ್ಲೇಂಟಿನ ಜೊತೆ, ನಿಮ್ಮ ಪ್ರಬಂಧ ಅಚ್ಚು ಹಾಕಿದ ವಿಜ್ಞಾನ ಪತ್ರಿಕೆಗೇ ನೇರ ಕಳಿಸಿದೆ. ಅವರು ನಿಮ್ಮ ಪ್ರಬಂಧ ಹಿಂತೆಗೆಯುತ್ತಿದ್ದಾರೆ.

"ಗಂಡ ಅದಾನ, ಬಿಟ್ಟುಬಿಡವ್ವ" ಅಂದಳು ಅಮ್ಮ. ಮೊದಲು ನಿಮಗೇ ಗುಟ್ಟಾಗಿ ಹೇಳಬಹುದಿತ್ತು. ನೀವೇ ತಿದ್ದಿಕೊಂಡು ಮರ್ಯಾದೆ ಉಳಿಸಿಕೊಳ್ಳುತ್ತಿದ್ದಿರಿ. ಅದಕ್ಕೇ ಹೇಳಲಿಲ್ಲ.

ಇನ್ನು ಈ ಮನೆಗೆ ಬರಬೇಡಿ.

ನಿಮ್ಮವಳಲ್ಲದ,
ಪ್ರಸನ್ನಲಕ್ಷ್ಮಿ

ತಾ.ಕ.: ನಿಮ್ಮ ಪುರಾವೆ ತಪ್ಪಾಗಿದ್ದರೂ ನೀವು ಬರೆದ ತೀರ್ಮಾನ ನಿಜವೇ ಆಗಿತ್ತು. ನಾನು ಹೊಸದಾಗಿ ಬೆಳೆಸಿದ ಶುದ್ಧ ಹರಳಿನಲ್ಲಿ ಎರಡೂ ಒಟ್ಟಿಗೇ ಇವೆ. ನನ್ನ ಪ್ರಬಂಧಕ್ಕೆ ನಿನ್ನೆ ಒಪ್ಪಿಗೆ ಬಂತು. ಅಂದು ನಾನು ಊರಿಂದ ಬರುವವರೆಗೆ ಕಾದಿದ್ದರೆ, ನಿಮ್ಮ ಹೆಸರನ್ನು ನಾನೇ ಮೊದಲು ಬರೆಯುತ್ತಿದ್ದೆ.