ಮುತ್ತಜ್ಜ ತಾಂಡೇಲ

೪ ಮಾರ್ಚ್ ೧೯೭೯, ಬೆಳಿಗ್ಗೆ
ಅಪ್ಪ ತೀರಿ ಐದನೆಯ ದಿನ. ಸ್ನಾನ, ಪಿಂಡ ಆಯಿತು. ಆಫೀಸಿಲ್ಲ. ಗಡ್ಡ ತುರಿಸುತ್ತದೆ. ಲಕ್ಷ್ಮೇಶ್ವರದಿಂದ ಭಾಗೀರಥಿ ಅತ್ತೆ ಬಂದಳು—ಅಪ್ಪನ ತಂಗಿ. ಅತ್ತು ಮುಗಿಸಿ, ಚಹಾ ಕುಡಿದು, ಬಾಂಬು ಹಾಕಿದಳು.
“ರಾಘ್ಯಾ, ಹನ್ನೆರಡನೇ ದಿನ ನಮ್ಮ ಮುತ್ತಜ್ಜನ ಹೆಸರು ಅನಂತಭಟ್ಟ ಅನಬ್ಯಾಡ. ಅಂವ ಭಟ್ಟ ಅಲ್ಲ. ಕಾರವಾರದ ಕಡೆ ಹಡಗ ಸುಲೀತಿದ್ದ ತಾಂಡೇಲ.”
ಕಡಲುಗಳ್ಳರ ನಾಯಕ. ನಮ್ಮ ಮನೆಯಲ್ಲಿ. ಕುಡಿಯುವ ನೀರಿಗೇ ಗತಿಯಿಲ್ಲದ ಗದಗಿನಲ್ಲಿ.

೬ ಮಾರ್ಚ್, ಮಧ್ಯಾಹ್ನ
ಅತ್ತೆಯ ಕಥೆ ದಿನಕ್ಕೊಂದು. ಬಿರುಗಾಳಿಗೂ ಹಾಯಿ ಇಳಿಸದವನಂತೆ. ಇಂಗ್ಲಿಷರು ಹುಡುಕಿ ಸುಸ್ತಾದರಂತೆ. ಅವನ ಕೈಗೆ ಸೆರೆಸಿಕ್ಕ ನಿಜವಾದ ಅನಂತಭಟ್ಟರು ಅವನ ಹಡಗಿನಲ್ಲೇ ಜ್ವರದಿಂದ ಸತ್ತರು. ಅವರ ಜನಿವಾರ, ಹೆಸರು ತೊಟ್ಟು ತಾಂಡೇಲ ಇಲ್ಲಿ ಬಂದು ಹನುಮಪ್ಪನ ಗುಡಿಯ ಪೂಜೆ ಹಿಡಿದ. ಇದು ನಿನ್ನೆಯದು. ಇವತ್ತು—ಅವನೇ ಕೊಂದ.
“ಕೊಂದ್ರೇನು, ಸತ್ರೇನು? ಹೆಸರು ಕದ್ದದ್ದು ಖರೆ.”
ಸಾಯುವತನಕ ಒಂದು ಮಂತ್ರವೂ ತಪ್ಪಲಿಲ್ಲವಂತೆ. ಕಳ್ಳ ಎಲ್ಲಿ ಕಲಿತ?
ಅವ್ವನನ್ನು ಕೇಳಿದೆ. “ಅಕಿ ಮಾತು ಏನ್ ಕೇಳ್ತೀ. ಹೇಳಿಕೋತ ಬಂದ ಹೆಸರು ಹೇಳು.” ಸುಳ್ಳು ಎಂದು ಮಾತ್ರ ಅನ್ನಲಿಲ್ಲ.

೧೦ ಮಾರ್ಚ್
ನಾಳೆ ಅಪ್ಪನ ಪಿಂಡವನ್ನು ಮೂರು ತುಂಡು ಮಾಡಿ ಅವನ ಅಪ್ಪ, ಅಜ್ಜ, ಮುತ್ತಜ್ಜನ ಪಿಂಡಗಳಿಗೆ ಕೂಡಿಸಬೇಕು. ಹೆಸರು ಹಿಡಿದು. ತಪ್ಪಿದರೆ ಅಪ್ಪ ಹಿರಿಯರನ್ನು ಸೇರುವುದಿಲ್ಲ, ಪ್ರೇತವಾಗಿ ಅಲೆಯುತ್ತಾನೆ. ನಾನು ಇದನ್ನೆಲ್ಲ ನಂಬುವವನಲ್ಲ. ಅಪ್ಪ ನಂಬಿದ್ದ. ಪೇಚು ಅಲ್ಲೇ. ಅನಂತಭಟ್ಟ ಎಂದರೆ ಯಾರದೋ ಮನೆಗೆ ಅಪ್ಪನನ್ನು ಕಳಿಸಿದ ಹಾಗೆ. ತಾಂಡೇಲ ಎಂದರೆ ಕೊಲೆಗಡುಕನ ಪಕ್ಕ ಕೂಡಿಸಿದ ಹಾಗೆ… ತಲೆ ಕೆಟ್ಟು ಹೋಗಿದೆ.

೧೧ ಮಾರ್ಚ್, ಸಂಜೆ
ಎರಡು ತುಂಡು ಕೂಡಿಸಿದೆ. ಮೂರನೆಯದಕ್ಕೆ ಹೆಸರು ಹೊರಡಲಿಲ್ಲ. ಪುರೋಹಿತ ದತ್ತಾತ್ರಿಭಟ್ಟರು ಬೈಯುತ್ತಾರೆಂದುಕೊಂಡೆ.
“ನಿಮ್ಮ ತಂದೀನೂ ವರ್ಷಾ ಶ್ರಾದ್ಧದಾಗ ಇಲ್ಲೇ ಸುಮ್ಮನಾಗ್ತಿದ್ರು,” ಎಂದರು. “ಈ ಹೆಸರು ನಾನ ಹೇಳಿ ಮುಗಸ್ತಿದ್ದೆ.”
ಅಪ್ಪನಿಗೆ ಗೊತ್ತಿತ್ತು. ಇಷ್ಟು ವರ್ಷ ಒಬ್ಬನೇ ನುಂಗಿಕೊಂಡಿದ್ದ. ಅಳು ಬಂತು.
ಭಟ್ಟರು ಹೇಳಹೊರಟರು. ಕೈ ಮಾಡಿ ತಡೆದೆ. ಅನಂತಭಟ್ಟ ಎಂದೆ. ತಾಂಡೇಲ ಎಂದೂ ಅಂದೆ. ಭಟ್ಟರು ನನ್ನ ಮುಖ ನೋಡಿದರು, ಮಂತ್ರ ಮುಂದುವರಿಸಿದರು. ಒಂದೇ ಪಿಂಡ, ಕದ್ದವನಿಗೂ ಕಳಕೊಂಡವನಿಗೂ. ಸರಿಯೋ ತಪ್ಪೋ, ಗೊತ್ತಿಲ್ಲ. ಈಗ ಅಪ್ಪ ಆ ಇಬ್ಬರ ಎದುರು ನಿಂತಿರಬೇಕು. ನೀನು ಯಾರ ಕುಡಿ ಎಂದು ಅವರು ಕೇಳಿದರೆ, ಪಾಪ, ಅವನು ಯಾರ ಕಡೆ ಕೈ ತೋರಿಸಬೇಕು?