ಸವೆದ ಕಾಲುಚೀಲ

ಮೇ ೭, ಸಂತ ಜಾರ್ಜನ ಹಬ್ಬದ ಮರುದಿನ

ಕಡೆಗೂ ಗೋರಿ ಅಗೆದೇಬಿಟ್ಟರು. ನಾವು ಕ್ರೈಸ್ತರು ಸಂತ ಇಲಿಯಾ ಎನ್ನುವ, ನನ್ನ ಗೆಳತಿ ನಜ್ಮಿಯೆಯ ಕಡೆಯ ಮುಸ್ಲಿಮರು ಬಾಬಾ ಎನ್ನುವ ಅದೇ ಗೋರಿ. ಹೆಣದ ಮುಖ ಮೆಕ್ಕಾದ ಕಡೆಗಿದೆಯೋ ಮೂಡಣಕ್ಕಿದೆಯೋ ಎಂದು ನೋಡಿದರೆ ಯಾರವನೆಂದು ತಿಳಿಯುತ್ತದಂತೆ! ಒಬ್ಬರ ಮುಖ ಒಬ್ಬರು ನೋಡದ ಇಗರ್ಜಿಯ ಹುಡುಗರೂ ಮಸೀದಿಯ ಹುಡುಗರೂ ಗುದ್ದಲಿ ಹಿಡಿಯಲು ಮಾತ್ರ ಒಂದಾದರು.

ಒಳಗೆ ಒಂದು ಮೂಳೆಯೂ ಇರಲಿಲ್ಲ.

"ನೀವೇ ಕದ್ದಿದ್ದು!" ಎಂದು ಎರಡೂ ಕಡೆಯವರು ಕಿತ್ತಾಡಿದರು. ನಜ್ಮಿಯೆ ನನ್ನ ಕೈ ಹಿಡಿದುಕೊಂಡು, "ಅವನು ಮಲಗಿದ್ದಾದ್ರೂ ಯಾವಾಗ್ಲೇ, ಸ್ತೋಯ್ನಾ? ರಾತ್ರಿಯೆಲ್ಲ ಎರಡೂ ಕೇರಿ ಸುತ್ತುತ್ತಾನೆ ಅಂತ ತಾನೇ ನಾವು ಕಾಲುಚೀಲ ಹೆಣೆದು ಇಡೋದು?" ಎಂದಳು.

ನಿನ್ನೆ ಗೋರಿಯ ಮೇಲಿಟ್ಟ ನನ್ನ ಹೊಸ ಕಾಲುಚೀಲ ಮನೆಗೆ ಬಂದು ನೋಡಿದರೆ ನನ್ನ ಹೊಸ್ತಿಲ ಮೇಲಿತ್ತು. ಹಿಮ್ಮಡಿ ಸವೆದು ತೂತಾಗಿದೆ, ಇನ್ನೂ ಬೆಚ್ಚಗಿದೆ. ಊರೇ ಬೇಡವೆಂದು ಬಿಟ್ಟು ಹೋದನೋ, ಹೊಲಿದು ಕೊಡೆಂದು ಇಟ್ಟನೋ?

ಸೂಜಿಗೆ ದಾರ ಪೋಣಿಸಿದ್ದೇನೆ. ಬಾಗಿಲಾಚೆ ಯಾರೋ ಬರಿಗಾಲಲ್ಲಿ ನಿಂತು ಕಾಯುತ್ತಿರುವ ಹಾಗಿದೆ.