ಎರಡನೆಯ ಕುರ್ಚಿ

೧೪ ಮಾರ್ಚ್, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಬರೆಯಲು ಬಹಳ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಒಂದು ಒಳ್ಳೆಯ ಸುದ್ದಿಯಾದರೂ ಸಿಗಲಿ ಎಂದು ಕಾಯುತ್ತಿದ್ದೆ. ಇವತ್ತು ಸಿಕ್ಕಿತು.

ನಿನ್ನ ಸೋದರಮಾವನ ಕಣ್ಣು ಮಂಜಾಗುತ್ತಿದೆ. ಶಸ್ತ್ರಚಿಕಿತ್ಸೆಯಿಂದಲೂ ಉಪಯೋಗವಿಲ್ಲವಂತೆ. ದೃಷ್ಟಿ ಪೂರ್ತಿ ಹೋಗುವ ಮೊದಲು ವಿಶ್ವವಿದ್ಯಾಲಯದ ಹೊಸ ಗ್ರಂಥಾಲಯದ ಮೇಲೆ ತನ್ನ ಹೆಸರು ನೋಡುವ ಆಸೆ ಅವನಿಗೆ. ಅದಕ್ಕೆ ಆಡಳಿತ ಮಂಡಳಿ ಒಪ್ಪಬೇಕು. ಸಂಸ್ಥಾಪಕರ ಎರಡು ಕುರ್ಚಿಗಳೂ ತುಂಬದೆ ಮಂಡಳಿ ಸಭೆ ನಡೆಸುವಂತಿಲ್ಲ. ನಮ್ಮಪ್ಪನ ಗಿರಣಿ ಮಾರಿ, ಅದರ ಹತ್ತಿ ಗೋದಾಮಿನಲ್ಲಿ ಮೊದಲ ತರಗತಿ ತೆರೆದಾಗ ಅಣ್ಣ-ತಂಗಿ ನಾವಿಬ್ಬರೇ ಮಾಡಿಕೊಂಡ ನಿಯಮ ಅದು. ಈಗ ಅವನು ಮಹಾದಾನಿ. ನಾನು ಭಾಷಣದ ಕೊನೆಯಲ್ಲಿ ಬರುವ 'ಸಹೋದರಿಯ ಸಹಕಾರ'. ಕುರ್ಚಿ ಮಾತ್ರ ನನ್ನದೇ.

ವರ್ಷವಿಡೀ ನಾನು ಹೋಗಲಿಲ್ಲ. ಒಮ್ಮೆ ಮಂಡಿನೋವು, ಒಮ್ಮೆ ನೆಗಡಿ, ಒಮ್ಮೆ ಮನೆಗೆ ಸುಣ್ಣಬಣ್ಣ. ಕುಲಸಚಿವರು ಹಣ್ಣಿನ ಬುಟ್ಟಿ ಹಿಡಿದು ಬಂದರು. "ಅಮ್ಮಾ, ಕಾರು ಬಾಗಿಲಿಗೇ ತರಿಸ್ತೀವಿ. ಐದು ನಿಮಿಷ ಕೂತ್ಕೊಂಡ್ರೆ ಸಾಕು."

"ಹಣ್ಣು ಹುಳಿ ಇದೆ ಕಣ್ರೀ" ಎಂದು ಸಾಗಹಾಕಿದೆ.

ಇವತ್ತು ಹೋದೆ. ಅಣ್ಣನ ಮುಖ ಅರಳಿತು. "ಬಾ ಪುಟ್ಟೀ. ಅಂತೂ ಕೋಪ ಇಳೀತಾ?"

ಕೂತೆ. ಕುಲಸಚಿವರು ನಿರ್ಣಯ ಓದಲು ಕನ್ನಡಕ ಏರಿಸುತ್ತಿದ್ದಂತೆ ಎದ್ದು ನಿಂತೆ. ಹೊದ್ದಿದ್ದ ಶಾಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದೆ.

"ನಾನು ಹೊರಡ್ತೀನಿ ಅಣ್ಣ, ಇದನ್ನೇ ಲೆಕ್ಕಕ್ಕಿಟ್ಕೋ. ಹೋದ ಸಲ ಸಾಕಾಗಿತ್ತಲ್ಲ?"

ಅಣ್ಣ ನನ್ನ ಕೈಗಾಗಿ ತಡಕಾಡಿದ. "ನಂಗೆ ಕಣ್ಣು ಕಾಣೋದು ಇನ್ನು ಹೆಚ್ಚು ದಿನ ಇಲ್ಲ ಕಣೇ."

"ಗೊತ್ತು" ಎಂದೆ. ಶಾಲು ಹೊದ್ದುಕೊಂಡು ಮನೆಗೆ ಬಂದೆ. ಮುಂದಿನ ತಿಂಗಳೂ ಹೋಗುವುದಿಲ್ಲ. ಆ ಗೋಡೆ ಬೋಳಾಗಿಯೇ ಇರಲಿ. ಹೊಟ್ಟೆ ತಣ್ಣಗಾಯಿತು ಮಗಳೇ.

ಆ ಊರಿನಲ್ಲಿ ನಿನ್ನ ಪಾಠ ಕೇಳುವ ಮಕ್ಕಳು ಚೆನ್ನಾಗಿರಲಿ. ನೀನು ಇನ್ನೂ ಚೆನ್ನಾಗಿರು.

ನಿನ್ನ ಅಮ್ಮ

ತಾ.ಕ.: ಮಾವನಿಗೆ ಎದುರು ಮಾತಾಡಿದೆಯೆಂದು ನಿನ್ನನ್ನು ಅಧ್ಯಾಪಕಿಯ ಕೆಲಸದಿಂದ ತೆಗೆದ ಸಭೆಗೆ ನಾನು ಹೋಗಿರಲಿಲ್ಲ. ಆ ಸಭೆ ನಡೆಯಲೇಬಾರದೆಂದು ಮನೆಯಲ್ಲೇ ಉಳಿದಿದ್ದೆ. ಅದರ ಹಿಂದಿನ ಸಭೆಯಲ್ಲಿ ಕುರ್ಚಿಯ ಮೇಲೆ ಮರೆತು ಬಂದಿದ್ದ ಶಾಲನ್ನು ತೋರಿಸಿ, "ನೀವು ಬರುವ ಮೊದಲು ಇಲ್ಲೇ ಇದ್ದಳು, ಒಪ್ಪಿಯೇ ಎದ್ದು ಹೋದಳು" ಎಂದು ಅವನು ನಡಾವಳಿಯಲ್ಲಿ ಬರೆಸಿದ. ಮಂಡಳಿಯವರು ನಂಬಿದರು, ಹೋಗಲಿ. ನೀನೂ ನಂಬಿದೆಯಲ್ಲ. ಊರು ಬಿಡುವ ಮೊದಲು ಒಂದು ಮಾತು ನನ್ನನ್ನು ಕೇಳಬಾರದಿತ್ತೇ?